ಆಕಾಶದ ಮನೆಗೆ ಗೋಡೆ, ಬಾಗಿಲು

ಕಂಪ್ಯೂಟರ್ ಆಟಗಳಲ್ಲಿ ಅಂತರಿಕ್ಷ ನಿಲ್ದಾಣ ಕಟ್ಟುವುದು ಸುಲಭ. ಒಂದು ಗುಂಡಿ ಒತ್ತಿದರೆ ಗೋಡೆ, ಇನ್ನೊಂದು ಒತ್ತಿದರೆ ಬಾಗಿಲು, ಮತ್ತೊಂದಕ್ಕೆ ಮೇಜು ಕುರ್ಚಿ. ನಮ್ಮ ಸ್ಟುಡಿಯೋ ಸೆಟ್ಟೂ ಹೆಚ್ಚುಕಡಿಮೆ ಹಾಗೆಯೇ. ಪ್ಲೈವುಡ್ಡಿಗೆ ಬಣ್ಣ ಬಳಿದರೆ ಅರಮನೆ! ನಿಜವಾದ ನಿಲ್ದಾಣದ ಗೋಡೆ ಬಾಗಿಲುಗಳ ಚರಿತ್ರೆ ಬೇರೆ. ಅಲ್ಲಿ ಬಾಗಿಲಿನಿಂದ ಪ್ರಾಣ ಹೋದದ್ದೂ ಉಂಟು, ಉಳಿದದ್ದೂ ಉಂಟು.

ಹುಳಿಮಾವಿನಿಂದಲೇ ಹೊರಡೋಣ. ಬನ್ನೇರುಘಟ್ಟ ರಸ್ತೆಯ ಈ ಊರಿನಲ್ಲಿ ಬಂಡೆಯೊಳಗಿನ ಗುಹಾ ದೇವಾಲಯವಿದೆ. ಸುತ್ತಮುತ್ತ ಬಹುಮಹಡಿ ಕಟ್ಟಡಗಳು ಎದ್ದಿವೆ. ಬಂಡೆಯಾಗಲಿ, ಇಟ್ಟಿಗೆಯಾಗಲಿ, ಇಲ್ಲಿನ ಗೋಡೆ ಹೊರುವುದು ಮೇಲಿನ ಭಾರವನ್ನು. ಗಾಳಿಯ ಒತ್ತಡ ಒಳಗೂ ಹೊರಗೂ ಒಂದೇ ಆದ್ದರಿಂದ ಮನೆಯ ಬಾಗಿಲನ್ನು ಮೂರು ವರ್ಷದ ಮಗುವೂ ತಳ್ಳಬಲ್ಲದು. ನಿಲ್ದಾಣದಲ್ಲಾದರೋ ಒಳಗೆ ಗಾಳಿ, ಹೊರಗೆ ಶೂನ್ಯ. ಒಂದು ಚದರ ಮೀಟರ್ ಬಾಗಿಲಿನ ಮೇಲೆ ಬೀಳುವ ಒತ್ತು ಸುಮಾರು 10 ಟನ್ ತೂಕಕ್ಕೆ ಸಮ. ಅಲ್ಲಿ ಗೋಡೆಯ ಕೆಲಸ ಭಾರ ಹೊರುವುದಲ್ಲ, ಉಬ್ಬಿದ ಬೆಲೂನಿನಂತೆ ಹರಿಯದೆ ಹಿಡಿದುಕೊಂಡಿರುವುದು.

ಈ ಒತ್ತಡ ಬಾಗಿಲಿಗೆ ಮಿತ್ರನೂ ಹೌದು, ಶತ್ರುವೂ ಹೌದು. 1967ರ ಜನವರಿ 27ರಂದು ಅಮೆರಿಕದಲ್ಲಿ ಅಪೊಲೊ-1 ನೌಕೆಯ ತಾಲೀಮು ನಡೆಯುತ್ತಿತ್ತು. ನೌಕೆ ನೆಲದ ಮೇಲೆಯೇ ಇತ್ತು. ಒಳಗೆ ಬೆಂಕಿ ಹೊತ್ತಿಕೊಂಡಿತು. ಒಳಬಾಗಿಲು ಒಳಮುಖವಾಗಿ ತೆರೆಯುವಂಥದು. ಬೆಂಕಿಯಿಂದ ಏರಿದ ಒತ್ತಡ ಅದನ್ನು ಚೌಕಟ್ಟಿಗೆ ಬಿಗಿದುಬಿಟ್ಟಿತು. ಗ್ರಿಸಮ್, ವೈಟ್, ಚಾಫಿ ಮೂವರೂ ತೀರಿಕೊಂಡರು. ಆಮೇಲೆ ಅಪೊಲೊ ಬಾಗಿಲನ್ನು ಹೊರಕ್ಕೆ, ಬೇಗನೆ ತೆರೆಯುವಂತೆ ಬದಲಾಯಿಸಲಾಯಿತು.

ಗೋಡೆಯ ಪಾಠ ಕಲಿಸಿದ್ದು 1973ರ ಮೇ 14ರಂದು ಹಾರಿದ ಸ್ಕೈಲ್ಯಾಬ್. ಏರುವಾಗಲೇ ಅದರ ಹೊರಕವಚ ಕಿತ್ತುಹೋಯಿತು. ಬಿಸಿಲು ತಡೆಯುವುದಿಲ್ಲ, ಒಳಗೆ 50 ಡಿಗ್ರಿ ದಾಟಿದ ಸೆಕೆ. ಹಿಂದೆಯೇ ಹೋದ ಗಗನಯಾತ್ರಿಗಳು ಚಿಕ್ಕದೊಂದು ಕಿಂಡಿಯಿಂದ ಛತ್ರಿಯಂಥ ಬಟ್ಟೆಯನ್ನು ಹೊರಚಾಚಿ ಬಿಡಿಸಿದ ಮೇಲೆ ಮನೆ ತಂಪಾಯಿತು. ಅದರ ಪೀಠೋಪಕರಣಗಳೂ ವಿಚಿತ್ರವೇ. ತೂಕವಿಲ್ಲದ ಕಡೆ ಕುರ್ಚಿಗೇನು ಕೆಲಸ? ತ್ರಿಕೋನಗಳ ಜಾಲರಿ ನೆಲ, ಅದಕ್ಕೆ ಸಿಕ್ಕಿಕೊಳ್ಳುವ ಬೂಟು, ಮೂವರು ಸುತ್ತ ಸೇರುವ ತ್ರಿಕೋನ ಮೇಜು. ಮೇಜಿನ ತಲೆಯ ಕಡೆ ಯಾರು ಎಂಬ ಪ್ರಶ್ನೆಯೇ ಏಳದು. ಊಟದ ಕೋಣೆಗೆ ಕಿಟಕಿ ಬೇಕೆಂದು ಪಟ್ಟು ಹಿಡಿದವರು ವಿನ್ಯಾಸಕಾರ ರೇಮಂಡ್ ಲೋವಿ. ಕೆಲವು ಎಂಜಿನಿಯರುಗಳಿಗೆ ಕಿಟಕಿ ದಂಡದ ಖರ್ಚಾಗಿ ಕಂಡಿರಬಹುದು. ಅಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಖಂಡಿತ ಅಲ್ಲ.

1997ರ ಜೂನ್ 25ರಂದು ರಷ್ಯಾದ ಮೀರ್ ನಿಲ್ದಾಣದಲ್ಲಿ ನಡೆದದ್ದನ್ನು ನಾಟಕವಾಗಿ ಬರೆದರೆ ಅತಿಯಾಯಿತು ಎಂದಾರು. ಸಾಮಾನು ಹೊತ್ತ ಪ್ರೋಗ್ರೆಸ್ ನೌಕೆ ಬಂದು ಸ್ಪೆಕ್ಟರ್ ಎಂಬ ಕೋಣೆಗೆ ಗುದ್ದಿತು. ಗೋಡೆ ತೂತಾಗಿ ಗಾಳಿ ಸೋರತೊಡಗಿತು. ಆ ಕೋಣೆಯ ಬಾಗಿಲು ಹಾಕಿದರೆ ಮಿಕ್ಕ ಮನೆ ಉಳಿಯುತ್ತದೆ. ಆದರೆ ಬಾಗಿಲಿನ ನಡುವೆ ಕೇಬಲ್ಲುಗಳ ರಾಶಿ! ದಿನನಿತ್ಯದ ಅನುಕೂಲಕ್ಕೆ ಎಳೆದವು ಅವು. ಲಝುತ್ಕಿನ್ ಅವನ್ನು ಕಳಚಿ, ಕಳಚಲಾಗದ್ದನ್ನು ಕತ್ತರಿಸಿ ದಾರಿ ಬಿಡಿಸಿದರು. ಆಗಲೂ ಬಾಗಿಲು ಬರಲೊಲ್ಲದು. ಅದು ಸ್ಪೆಕ್ಟರಿನ ಒಳಗಡೆ ಇತ್ತು. ತೂತಿನ ಕಡೆಗೆ ನುಗ್ಗುವ ಗಾಳಿಗೆ ಎದುರಾಗಿ ಎಳೆಯಬೇಕಿತ್ತು. ಕೊನೆಗೆ ಇತ್ತ ಕಡೆಯಿಂದ ಬೇರೊಂದು ಮುಚ್ಚಳ ತಂದಿಟ್ಟರು. ಅದೇ ಗಾಳಿ ಅದನ್ನು ಒತ್ತಿ ಕೂರಿಸಿತು. ವಿದ್ಯುತ್ತಿನ ಸುಮಾರು ಅರ್ಧ ಹೋಯಿತು, ಮೂವರೂ ಬದುಕಿದರು.

ನಮ್ಮವರ ಪೈಕಿ ರಾಕೇಶ್ ಶರ್ಮಾ 1984ರ ಏಪ್ರಿಲ್‌ನಲ್ಲಿ ಸಲ್ಯೂತ್-7ರಲ್ಲಿಯೂ, ಶುಭಾಂಶು ಶುಕ್ಲಾ 2025ರ ಜೂನ್-ಜುಲೈನಲ್ಲಿ ಅಂತರರಾಷ್ಟ್ರೀಯ ನಿಲ್ದಾಣದಲ್ಲಿಯೂ ಇದ್ದು ಬಂದರು. ಶುಕ್ಲಾ ಅವರ ಕೈಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯ ಅಲ್ಲಿ ಮೊಳಕೆಯೊಡೆದವು. ಇಬ್ಬರೂ ಉಳಿದದ್ದು ಪರರ ಮನೆಯಲ್ಲಿ.

ಸ್ವಂತ ಮನೆಯ ಕೆಲಸ ಶುರುವಾದದ್ದು ಬಾಗಿಲ ಚೌಕಟ್ಟಿನಿಂದ ಎನ್ನಬಹುದು. 2024ರ ಡಿಸೆಂಬರ್ 30ರಂದು ಪಿ.ಎಸ್.ಎಲ್.ವಿ. ಹೊತ್ತೊಯ್ದ ಸ್ಪೇಡೆಕ್ಸ್ ಉಪಗ್ರಹಗಳು ಎರಡು; ಒಂದೊಂದೂ ಸುಮಾರು 220 ಕಿಲೋ. ಜನವರಿ 7 ಎಂದದ್ದು 9ಕ್ಕೆ ಹೋಯಿತು, 9 ಕೂಡ ತಪ್ಪಿತು. ಅವು ಒಂದನ್ನೊಂದು ಹಿಡಿದು ಬಿಗಿದುಕೊಂಡದ್ದು 2025ರ ಜನವರಿ 16ರಂದು. ಅಮೆರಿಕ, ರಷ್ಯಾ, ಚೀನಾಗಳ ನಂತರ ಇದನ್ನು ಸಾಧಿಸಿದ ನಾಲ್ಕನೆಯ ದೇಶ ನಮ್ಮದು. ಮಾರ್ಚ್ 13ರಂದು ಬಿಡಿಸಿ, ಏಪ್ರಿಲ್ 20ರಂದು ಮತ್ತೆ ಜೋಡಿಸಿದರು. ಜೋಡಣೆಯ ಬಳೆಯ ಅಳತೆ 450 ಮಿಲಿಮೀಟರ್. ಮನುಷ್ಯರು ಓಡಾಡುವ ಅಂತರರಾಷ್ಟ್ರೀಯ ಮಾದರಿಯದು 800. ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಕೋಣೆಗೆ 2028, ಪೂರ್ಣ ಮನೆಗೆ 2035 ಎಂದು ಗುರಿಯಿದೆ. 2025ರ ಆಗಸ್ಟ್‌ನಲ್ಲಿ ದೆಹಲಿಯಲ್ಲಿ ತೋರಿಸಿದ ಮಾದರಿಯಂತೆ ಆ ಕೋಣೆಯ ಅಗಲ 3.8 ಮೀಟರ್, ಉದ್ದ 8 ಮೀಟರ್. ಅಷ್ಟರೊಳಗೆ ಮೇಜು, ಮಲಗುವ ಚೀಲ, ಶೌಚಾಲಯ, ಪ್ರಯೋಗಶಾಲೆ ಎಲ್ಲಕ್ಕೂ ಜಾಗ ಹುಡುಕಬೇಕು. ಬಾಗಿಲಿನ ನಡುವೆ ಕೇಬಲ್ ಎಳೆಯದೆ.