ಬಾಖ್‌ನ ಕಣ್ಣು, ಟೇಲರ್‌ನ ಸಾರೋಟು

ಯೊಹಾನ್ ಸೆಬಾಸ್ಟಿಯನ್ ಬಾಖ್ ಹೆಸರು ನೀವೆಲ್ಲ ಕೇಳಿರುತ್ತೀರಿ. ಆತ ಕಣ್ಣಿನ ಡಾಕ್ಟರನ್ನು ನಂಬಿ ಕೆಟ್ಟ ಕತೆ ಗೊತ್ತಾ?

1750ರ ಮಾರ್ಚ್ ಕೊನೆ. ಜರ್ಮನಿಯ ಲೈಪ್‌ಜಿಗ್‌ಗೆ ಜಾನ್ ಟೇಲರ್ ಎಂಬ ಇಂಗ್ಲಿಷ್ ನೇತ್ರವೈದ್ಯ ಬಂದ. ಅವನ ಸಾರೋಟಿನ ಮೈತುಂಬಾ ಕಣ್ಣುಗಳ ಚಿತ್ರ, ಆಪರೇಷನ್ನಿಗೆ ಮುಂಚೆ ಉದ್ದುದ್ದ ಭಾಷಣ! ಹಾಗಂತ ಏನೂ ಕಲಿಯದ ಠಕ್ಕನಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಪಳಗಿದವ, 1736ರಲ್ಲೇ ದೊರೆ ಎರಡನೇ ಜಾರ್ಜನ ನೇತ್ರವೈದ್ಯ ಅನ್ನಿಸಿಕೊಂಡವ. 65ರ ಬಾಖ್ ನಂಬದೆ ಇನ್ನೇನು ಮಾಡಿಯಾನು?

ಆಗ ಪೊರೆಗೆ ಮಾಡುತ್ತಿದ್ದದ್ದು ಇಷ್ಟೇ: ಸೂಜಿ ಚುಚ್ಚಿ, ಮಬ್ಬಾದ ಮಸೂರವನ್ನು ಕಣ್ಣೊಳಗೇ ಕೆಳಕ್ಕೆ ತಳ್ಳುವುದು. ನಮ್ಮ ಸುಶ್ರುತ ಸಂಹಿತೆಯಲ್ಲೂ ಸೂಜಿ ಚುಚ್ಚಿ ಪೊರೆ ಸರಿಸುವ ಚಿಕಿತ್ಸೆ ಇದೆ. ಅಡ್ಡ ಇದ್ದದ್ದು ಸರಿದ ಕೂಡಲೇ ಬೆಳಕು ಬರುತ್ತದೆ, ರೋಗಿ "ಕಾಣಿಸ್ತು!" ಅನ್ನುತ್ತಾನೆ. ಸೋಂಕು, ಊತ ಶುರುವಾಗುವುದು ಆಮೇಲೆ, ಪಟ್ಟಿಯ ಒಳಗೆ. ಆ ಪಟ್ಟಿ ಬಿಚ್ಚುವ ಹೊತ್ತಿಗೆ ಬೇರೆ ಊರು ಸೇರಿರುತ್ತಾನೆ ಅಂತಲೇ ಟೇಲರ್ ಹೆಸರಾಗಿದ್ದ. ಅಂದರೆ ರಿಲೀಸ್ ಮಾಡಿ ಸಪೋರ್ಟ್‌ಗೆ ಸಿಗದವನು.

ಏಪ್ರಿಲ್ 1ಕ್ಕೇ ಬರ್ಲಿನ್ ಪತ್ರಿಕೆಯೊಂದು ಬಾಖ್‌ಗೆ ದೃಷ್ಟಿ ಮರಳಿತು ಎಂದು ಬರೆದುಬಿಟ್ಟಿತು. ಕೆಲವೇ ದಿನಕ್ಕೆ ಎರಡನೇ ಆಪರೇಷನ್ ಬೇಕಾಯಿತು. ಇದ್ದಬದ್ದ ದೃಷ್ಟಿಯೂ ಹೋಯಿತು. ಜುಲೈ 28ಕ್ಕೆ ಬಾಖ್ ತೀರಿಕೊಂಡ. 1758ರಲ್ಲಿ ಇದೇ ಟೇಲರ್ ಸಂಗೀತಗಾರ ಹ್ಯಾಂಡೆಲ್‌ನ ಕಣ್ಣನ್ನೂ ಮುಟ್ಟಿದ, ಅಲ್ಲೂ ಗುಣವಾಗಲಿಲ್ಲ. ಆದರೆ 1761ರ ಆತ್ಮಕತೆಯಲ್ಲಿ, ಲೈಪ್‌ಜಿಗ್‌ನ 88 ವರ್ಷದ ಸಂಗೀತಗಾರನಿಗೆ ದೃಷ್ಟಿ ಕೊಟ್ಟೆ ಎಂದು ಬರೆದುಕೊಂಡ. ವಯಸ್ಸೂ ತಪ್ಪು, ಫಲಿತಾಂಶವೂ ಸುಳ್ಳು.

ಅದೇ ಕಾಲದಲ್ಲಿ ಫ್ರಾನ್ಸಿನಲ್ಲಿ ಜಾಕ್ ದಾವಿಯೆಲ್ ಇದ್ದ. 1747ರಲ್ಲಿ ಮಸೂರವನ್ನು ತಳ್ಳುವ ಬದಲು ಹೊರಗೇ ತೆಗೆದ. 1753ರಲ್ಲಿ ಅಚ್ಚಾದ ಅವನ ವರದಿಯಲ್ಲಿ ಲೆಕ್ಕ ಇದೆ: 206 ಆಪರೇಷನ್, 182 ಯಶಸ್ವಿ. ಅಂದರೆ 24 ಸೋಲು. ನನಗೆ 182ಕ್ಕಿಂತ ಈ 24 ಮುಖ್ಯ ಅನ್ನಿಸುತ್ತದೆ. ಸೋತದ್ದನ್ನು ಎಣಿಸುವವನಿಗೆ ಪಟ್ಟಿ ಬಿಚ್ಚಿದ ಮೇಲೆ ಏನಾಯಿತು ಅಂತ ಗೊತ್ತಿರಲೇಬೇಕಲ್ಲ!

ಊರೂರು ತಿರುಗುವುದೇ ತಪ್ಪು ಅಂತಲ್ಲ. 2005ರಲ್ಲಿ ತೀರಿಕೊಂಡ ನಮ್ಮ ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಉಚಿತ ಶಿಬಿರ ನಡೆಸಿಯೇ ಲಕ್ಷಾಂತರ ಜನರ ಪೊರೆ ತೆಗೆದರು. ಸಾರೋಟು ನೋಡಿ ಮರುಳಾಗಬಾರದು, ಅಷ್ಟೇ.

ಈಗ ಅಮ್ಮನ ಎಡಗಣ್ಣಿಗೆ ಪೊರೆ ಬಂದಿದೆ. ಇವತ್ತಿನ ಸಾರೋಟುಗಳು ಹೋರ್ಡಿಂಗು, ಐದು ಸ್ಟಾರು, ಪ್ಯಾಕೇಜ್ ರೇಟು. ನಾನು ಕೇಳಬೇಕು ಅಂದುಕೊಂಡಿರುವುದು ಮೂರೇ ಪ್ರಶ್ನೆ. ಕತ್ತರಿಸುವವರು ಯಾರು? ಕಳೆದ ವರ್ಷ ಇಲ್ಲಿ ಎಷ್ಟು ಜನರಿಗೆ ಸೋಂಕಾಯಿತು? ಮೂರನೇ ದಿನ ರಾತ್ರಿ ಕಣ್ಣು ಕೆಂಪಾಗಿ ನೋವು ಬಂದರೆ ಯಾರು ನೋಡುತ್ತಾರೆ? ಸಿಡುಕದೆ ಉತ್ತರ ಕೊಡುವವರಿದ್ದರೆ ಅಲ್ಲಿಗೇ ಕರೆದುಕೊಂಡು ಹೋಗುವುದು.

ನೀವಾಗಿದ್ದರೆ ಇನ್ನೇನು ಕೇಳುತ್ತಿದ್ದಿರಿ?