ನಾವು ಮೆಜೆಸ್ಟಿಕ್‌ನಲ್ಲಿ ಇಳಿಯುವುದು ಕೆರೆಯೊಳಗೆ

ನಮ್ಮೂರುಗಳಿಂದ ಬೆಂಗಳೂರಿಗೆ ಹೋದವರೆಲ್ಲ ಮೊದಲು ಕಾಲಿಡುವುದು ಮೆಜೆಸ್ಟಿಕ್‌ನಲ್ಲಿ. ಅಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಒಂದು ಮಾತು ನೆನಪಿಟ್ಟುಕೊಳ್ಳಿ. ನೀವು ನಿಂತಿರುವುದು ಕೆರೆಯ ಅಂಗಳದಲ್ಲಿ. ಅದರ ಹೆಸರು ಧರ್ಮಾಂಬುಧಿ.

ಕೆರೆ ಬಸ್ ನಿಲ್ದಾಣ ಆದದ್ದು ಹೇಗೆ? ಈ ಕಥೆ ಬರೀ ಬೆಂಗಳೂರಿನದಲ್ಲ. ಊರ ಪಕ್ಕದ ಹೊಲಕ್ಕೆ ಕಲ್ಲು ನೆಟ್ಟು, ಬಣ್ಣ ಬಳಿದು, ಸೈಟು ಮಾರುವುದು ಈಗ ನಮ್ಮ ಹೋಬಳಿಗಳಲ್ಲೂ ಶುರುವಾಗಿದೆ. ಹಾಗಾಗಿ ಕಥೆಯನ್ನು ಮೊದಲಿಂದ ಹೇಳುತ್ತೇವೆ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪ್ಲೇಗ್ ಬಂದಾಗ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಕಥೆ ನಮ್ಮ ಹಳ್ಳಿಗಳ ಹಿರಿಯರಿಗೂ ಗೊತ್ತು. ಎಷ್ಟೋ ಊರುಗಳಲ್ಲಿ ಪ್ಲೇಗಮ್ಮನ ಗುಡಿ ಇಂದಿಗೂ ಇದೆ. ಬೆಂಗಳೂರು ಪೇಟೆಯಲ್ಲಿ ಆಗ ಇಕ್ಕಟ್ಟಾದ ಬೀದಿ, ಗಾಳಿ ಆಡದ ಮನೆ. ಗಾಳಿ ಬೆಳಕು ಇಲ್ಲದ ಕಡೆ ರೋಗ ನಿಲ್ಲದು ಎಂದು ಸರ್ಕಾರಕ್ಕೂ ಮನವರಿಕೆಯಾಯಿತು.

ಆಗ ಬೆಳೆದವು ಬಸವನಗುಡಿ ಮತ್ತು ಮಲ್ಲೇಶ್ವರ. ಇವತ್ತು ಇವು ನಗರದ ನಡುವೆ ಇವೆ, ಅವತ್ತು ಊರಾಚೆಯ ಬಡಾವಣೆಗಳು. ಬಸವನಗುಡಿ ಎದ್ದದ್ದು ಸುಂಕೇನಹಳ್ಳಿಯ ನೆಲದ ಮೇಲೆ. ದೊಡ್ಡ ಬಸವನ ಗುಡಿಯ ಮುಂದೆ ಪ್ರತಿ ಕಾರ್ತಿಕದಲ್ಲಿ ನಡೆಯುವ ಕಡಲೆಕಾಯಿ ಪರಿಷೆ ಆ ಜಾಗ ಒಮ್ಮೆ ಹೊಲ ಆಗಿತ್ತು ಎನ್ನುವುದಕ್ಕೆ ಉಳಿದಿರುವ ಸಾಕ್ಷಿ. ಹೊಸ ಬಡಾವಣೆಗಳಲ್ಲಿ ಅಗಲವಾದ ರಸ್ತೆ ಇಟ್ಟರು, ಮನೆಗಳ ಹಿಂದೆ ಕಸ ಸಾಗಿಸಲು ಓಣಿ ಬಿಟ್ಟರು. ಸಾಲುಮರಗಳು ಬೆಳೆದವು, ಪಾರ್ಕುಗಳಾದವು. ಮಲ್ಲೇಶ್ವರದ ಅಂಚಿನಲ್ಲಿ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ ಇತ್ತು. ಬಸವನಗುಡಿಗೆ ಹತ್ತಿರದಲ್ಲೇ ಲಾಲ್‌ಬಾಗ್ ಇತ್ತು. ಸಂಜೆ ವಾಯುವಿಹಾರ, ಬಯಲಲ್ಲಿ ಮಕ್ಕಳ ಆಟ, ಬಂಡೆಯ ಮೇಲೆ ಕೂತು ಹರಟೆ ಅಲ್ಲಿನ ಬದುಕಿನ ಭಾಗವಾದವು.

ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಸೈಟು ಹಂಚುವಾಗ ಜಾತಿ ನೋಡಿ ಬೀದಿ ಕೊಟ್ಟರು. ಒಳ್ಳೆಯ ಗಾಳಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗಲಿಲ್ಲ.

ಅದೇ ಹೊತ್ತಿಗೆ ಇನ್ನೊಂದು ಬದಲಾವಣೆ ಆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1896ರಲ್ಲಿ, ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಜನಕ್ಕೆ ಅನುಕೂಲವಾಯಿತು, ಸರಿ. ಆದರೆ ಕುಡಿಯುವ ನೀರು ದೂರದಿಂದ ಬಂದ ಮೇಲೆ ಊರ ಕೆರೆಗೆ ಕೆಲಸವೇ ಇಲ್ಲದಂತಾಯಿತು. ಹೂಳೆತ್ತುವವರಿಲ್ಲ, ಕಾಲುವೆ ನೋಡುವವರಿಲ್ಲ. ಕಡೆಗೆ ಕೆರೆ ಎಂದರೆ ಖಾಲಿ ಜಾಗ ಎಂದಾಯಿತು.

ಧರ್ಮಾಂಬುಧಿ ಬತ್ತಿ ಮೈದಾನವಾಯಿತು, ಆಮೇಲೆ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಸುತ್ತ ತಿಗಳ ಸಮುದಾಯದವರು ತೋಟ ಮಾಡಿಕೊಂಡಿದ್ದರು. ಅದೇ ಕೆರೆ ಇಂದು ಕಂಠೀರವ ಕ್ರೀಡಾಂಗಣ. ಅದರ ಪಕ್ಕ ಸಣ್ಣ ಕಲ್ಯಾಣಿಯಷ್ಟು ನೀರು ಉಳಿದಿದೆ, ಕರಗದ ಪೂಜೆಗಾಗಿ. ಆಟಕ್ಕೆ ಜಾಗ ಬೇಕು, ನಿಜ. ಆದರೆ ಆ ಜಾಗ ಕೆರೆಯಿಂದಲೇ ಬರಬೇಕಿತ್ತೇ?

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಅಲ್ಲೂ ಪಾರ್ಕು, ಮೈದಾನ, ಮರಗಳಿಗೆ ನಕ್ಷೆಯಲ್ಲೇ ಜಾಗ ಇತ್ತು. ಆಮೇಲಿನ ದಶಕಗಳಲ್ಲಿ ನಗರ ನಕ್ಷೆಗಿಂತ ಬೇಗ ಓಡಿತು. 1985ರಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲು ರಾಜ್ಯದಲ್ಲಿ ಕಾನೂನೇ ಬಂತು. 1986ರಲ್ಲಿ ಲಕ್ಷ್ಮಣ ರಾವ್ ಸಮಿತಿ ಕೆರೆಗಳನ್ನು ಉಳಿಸಿ ಎಂದು ವರದಿ ಕೊಟ್ಟಿತು. ಕಾಗದ ಗಟ್ಟಿಯಾಗಿತ್ತು, ಕಾವಲು ಸಡಿಲವಾಗಿತ್ತು. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು.

2007ರಲ್ಲಿ 110 ಹಳ್ಳಿಗಳು ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಹಳ್ಳಿಯ ಹೆಸರು ಹೋಗಿ ವಾರ್ಡ್ ಬಂತು. ಕಾವೇರಿ ಐದನೇ ಹಂತದ ನೀರಿಗೆ ಅವು 2024ರ ಅಕ್ಟೋಬರ್‌ವರೆಗೆ ಕಾದವು. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ನವರೂ ಟ್ಯಾಂಕರ್ ದಾರಿ ಕಾದರು. ಮೊದಲು ಅಲ್ಲಿ ಕೆರೆ ಇತ್ತು, ಕೆರೆಯಿಂದ ಬಾವಿಗೆ ನೀರು ಇಳಿಯುತ್ತಿತ್ತು.

ಇನ್ನು ಸೆಕೆಯ ವಿಷಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರು ತಂಪಿಗೆ ಹೆಸರಾದ ಊರು. 2016ರ ಏಪ್ರಿಲ್‌ನಲ್ಲಿ ಅಲ್ಲಿ 39.2 ಡಿಗ್ರಿ ದಾಖಲಾಯಿತು. ಭೂಮಿಯೇ ಬಿಸಿಯಾಗುತ್ತಿದೆ, ಅದು ಒಂದು ಕಾರಣ. ಇನ್ನೊಂದು ಕಾರಣ ನಮಗೆ ಓದದೆಯೂ ಗೊತ್ತು. ಮಧ್ಯಾಹ್ನ ಹುಣಸೆಮರದ ಕೆಳಗೆ ನಿಂತು ನೋಡಿ, ಆಮೇಲೆ ಆರ್‌ಸಿಸಿ ಮನೆಯ ಮಾಳಿಗೆ ಹತ್ತಿ ನೋಡಿ. ಎಲೆಯಿಂದ, ಕೆರೆಯಿಂದ ನೀರು ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಾಂಕ್ರೀಟು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಆದ್ದರಿಂದಲೇ ನಗರದಲ್ಲಿ ಹೊತ್ತು ಮುಳುಗಿದರೂ ಸೆಕೆ ಇಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಬೆಂಗಳೂರಿನವರು ದುಡ್ಡು ಕೊಟ್ಟರೂ ಸಿಗದ ಸವಲತ್ತು ನಮ್ಮೂರಲ್ಲಿ ಇನ್ನೂ ಉಳಿದಿದೆ. ನಮ್ಮ ಹಿರಿಯರು ಅದಕ್ಕೆ ಪಾರ್ಕು ಅನ್ನಲಿಲ್ಲ, ಗುಂಡುತೋಪು ಅಂದರು. ದಾರಿಹೋಕರು ದಣಿವಾರಿಸಿಕೊಂಡಿದ್ದು, ಹುಡುಗರು ಮರಕೋತಿ ಆಡಿದ್ದು, ದನಕರು ನೆರಳಿಗೆ ನಿಂತದ್ದು ಅಲ್ಲೇ. ಕಂದಾಯ ದಾಖಲೆಯಲ್ಲಿ ಅದಕ್ಕೆ ಸರ್ವೆ ನಂಬರ್ ಇರುತ್ತದೆ. ಕೆರೆಗೂ, ರಾಜಕಾಲುವೆಗೂ ಗುರುತು ಇರುತ್ತದೆ.

ನಿಮ್ಮೂರಿನ ಗ್ರಾಮ ನಕ್ಷೆ ಇದೇ ಫೋನಿನಲ್ಲಿ ಕಂದಾಯ ಇಲಾಖೆಯ ತಾಣದಲ್ಲಿ ಸಿಗುತ್ತದೆ. ತೆಗೆದು ನೋಡಿ. ತೋಪು ಎಲ್ಲಿದೆ, ಎಷ್ಟು ಎಕರೆ, ಈಗ ಎಷ್ಟು ಉಳಿದಿದೆ ಎಂದು ಹಿರಿಯರನ್ನು ಕರೆದುಕೊಂಡು ಹೋಗಿ ಅಳೆಯಿರಿ. ಕಡಿಮೆ ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ.

ಲೇಔಟಿನ ಕಲ್ಲು ಬಿದ್ದ ಮೇಲೆ ಕೇಳಿದರೆ ತಡವಾಗುತ್ತದೆ. ಧರ್ಮಾಂಬುಧಿಯನ್ನು ಯಾರೂ ಮತ್ತೆ ಕೆರೆ ಮಾಡಲಾರರು.