ಮಲೆನಾಡಿನ ಮಕ್ಕಳಲ್ಲಿ ಬೆನ್ನುಹುರಿಯ ಗಡ್ಡೆಗಳು: ಚಿತ್ರಣಕ್ರಮದ ಒಂದು ವಿವೇಚನೆ

ಬಾಲ್ಯದಲ್ಲಿ ಬೆನ್ನುಹುರಿಯನ್ನಾಗಲಿ ಅದನ್ನು ಕಾಯುವ ಕಶೇರುಗಳನ್ನಾಗಲಿ ಆಕ್ರಮಿಸುವ ಗಡ್ಡೆಗಳು ವಿರಳವಾದುವು. ಆ ವಿರಳತೆಯೇ ಅವುಗಳ ಪತ್ತೆಗೆ ಮೊದಲನೆಯ ವಿಘ್ನ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಸೀಮೆಯಲ್ಲಿ ಇದರೊಡನೆ ಬೇರೆರಡು ವಿಘ್ನಗಳೂ ಕೂಡಿಕೊಂಡಿವೆ. ಇಳಿಜಾರಿನ ತೋಟಗಳಲ್ಲಿ ಓಡಾಡಿ ಬೆಳೆಯುವ ಮಗು ಬೆನ್ನುನೋವೆಂದು ಅತ್ತರೆ, ಎಲ್ಲಿಯೋ ಬಿದ್ದಿರಬೇಕೆಂದು ಲೈನ್‌ಮನೆಯ ಹಿರಿಯರು ಎಣಿಸುವುದು ಸಹಜ, ವೈದ್ಯರೂ ಹಾಗೆಯೇ ಎಣಿಸುವುದು ಅಪರೂಪವಲ್ಲ. ಶಂಕೆ ಹುಟ್ಟಿದ ಮೇಲಾದರೋ, ಮಕ್ಕಳ ನರಶಸ್ತ್ರಚಿಕಿತ್ಸೆಗಾಗಿ ಘಟ್ಟವಿಳಿದು ಮಂಗಳೂರು, ಮಣಿಪಾಲಗಳಿಗೆ, ಇಲ್ಲವೆ 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗುತ್ತದೆ. ಸಹಜವೆಂದು ಕಾಣುವ ಕ್ಷಕಿರಣ ಚಿತ್ರವು ಗಡ್ಡೆಯಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು ಎಂಬುದೂ, ದೂರದಿಂದ ಬರುವ ಮಗುವಿಗೆ ಪೂರ್ಣವಾದ ಚಿತ್ರಣವು ಒಂದೇ ಸಲಕ್ಕೆ ಆಗಬೇಕೆಂಬುದೂ ಈ ಲೇಖನದ ಪ್ರತಿಪಾದನೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ದೊರೆಯುವ ಕ್ಷಕಿರಣ ಚಿತ್ರವನ್ನು ಅಲ್ಪವೆಂದು ಬದಿಗಿಡುವಂತಿಲ್ಲ. ಎದುರಿನಿಂದ ತೆಗೆದ ಚಿತ್ರದಲ್ಲಿ ಪ್ರತಿಯೊಂದು ಕಶೇರುವಿನ ಎಡಬಲಗಳಲ್ಲಿ ಎರಡು ಅಂಡಾಕಾರದ ನೆರಳುಗಳು ಜೋಡಿ ಕಣ್ಣುಗಳಂತೆ ತೋರುತ್ತವೆ. ಹುರಿ ಸಾಗುವ ಕಾಲುವೆಯೊಳಗೆ ಗಡ್ಡೆಯು ಮಂದಗತಿಯಿಂದ ಬೆಳೆದಲ್ಲಿ ಅವುಗಳ ಒಳ ಅಂಚು ಚಪ್ಪಟೆಯಾಗಿ, ನಡುವಣ ಅಂತರವು ಹಿಗ್ಗುತ್ತದೆ. ಎಲ್ಸ್‌ಬರ್ಗ್ ಮತ್ತು ಡೈಕ್ ಎಂಬ ವೈದ್ಯರು ಈ ಅಂತರವನ್ನು ಅಳೆದು, ಅದರಿಂದ ಗಡ್ಡೆಯ ನೆಲೆಯನ್ನು ಊಹಿಸುವ ಕ್ರಮವನ್ನು 1934ರಲ್ಲಿಯೇ ಪ್ರಕಟಿಸಿದ್ದರು. ಆದರೆ ಎಲುಬು ಸವೆಯುವುದಕ್ಕೆ ಕಾಲ ಬೇಕು. ಅಷ್ಟರೊಳಗೆ ಹುರಿಯು ಒತ್ತಡಕ್ಕೆ ಸಿಲುಕಿರಬಹುದು.

ನಮ್ಮ ದೇಶದಲ್ಲಿ ಇನ್ನೊಂದು ಭ್ರಾಂತಿಗೂ ಎಡೆಯುಂಟು. ಕಶೇರು ಕುಸಿದುದನ್ನು ಕಂಡೊಡನೆ ಕ್ಷಯವೆಂದು ಭಾವಿಸುವ ರೂಢಿ ನಿರಾಧಾರವೇನಲ್ಲ. ಕ್ಷಯವು ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಕಶೇರುಗಳನ್ನೂ ನಡುವಣ ಬಿಲ್ಲೆಯನ್ನೂ ಕೆಡಿಸಿ, ಪಕ್ಕದಲ್ಲಿ ಕೀವಿನ ಸಂಚಯವನ್ನುಂಟುಮಾಡುತ್ತದೆ. ಗಡ್ಡೆಯಾದರೋ ಬಹುಮಟ್ಟಿಗೆ ಬಿಲ್ಲೆಯನ್ನು ಉಳಿಸಿಬಿಡುತ್ತದೆ. ಒಂದೇ ಕಶೇರು ತಗಡಿನಷ್ಟು ತೆಳುವಾಗಿ, ಮೇಲಿನ ಕೆಳಗಿನ ಬಿಲ್ಲೆಗಳು ಹಾಗೆಯೇ ನಿಂತಿದ್ದರೆ ಲ್ಯಾಂಗರ್‌ಹಾನ್ಸ್ ಕೋಶವ್ಯಾಧಿಯನ್ನು ಮೊದಲು ನೆನೆಯಬೇಕು. ಈ ವಿವೇಚನೆ ನಡೆಯದೆ ಕೇವಲ ಊಹೆಯ ಮೇಲೆ ಕ್ಷಯದ ಔಷಧವನ್ನು ಆರಂಭಿಸಿ ತಿಂಗಳುಗಟ್ಟಲೆ ಕಾಯುವುದನ್ನು ನಾನು ಸರ್ವಥಾ ಒಪ್ಪಲಾರೆ.

ಹಿಂದೆ, 1921ರಲ್ಲಿ ಸಿಕಾರ್ ಮತ್ತು ಫೋರೆಸ್ಟಿಯೇ ತೋರಿದ ಹಾದಿಯಲ್ಲಿ, ಅಯೋಡಿನ್ ಬೆರೆತ ಎಣ್ಣೆಯನ್ನು ಕಾಲುವೆಯೊಳಕ್ಕೆ ಚುಚ್ಚಿ ಅದು ಎಲ್ಲಿ ತಡೆಯುತ್ತದೆಂದು ನೋಡಬೇಕಾಗಿದ್ದಿತು. 1973ರಲ್ಲಿ ಲಾಟರ್‌ಬರ್ ಪ್ರಕಟಿಸಿದ, ಮ್ಯಾನ್ಸ್‌ಫೀಲ್ಡ್ ಬೆಳೆಸಿದ ಕಾಂತೀಯ ಅನುರಣನದ ವಿಧಾನವು ಆ ಯಾತನೆಯನ್ನು ತಪ್ಪಿಸಿತು. 2003ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಸಂದಿತು. ಈ ವಿಧಾನದಿಂದ ತೆಗೆದ ಎಂ.ಆರ್.ಐ. ಚಿತ್ರದಲ್ಲಿ ಹುರಿಯೇ ಪ್ರತ್ಯಕ್ಷವಾಗುತ್ತದೆ. ಮಕ್ಕಳಲ್ಲಿ ಹುರಿಯೊಳಗೆ ಹೆಚ್ಚಾಗಿ ಕಾಣುವ ಆಸ್ಟ್ರೋಸೈಟೋಮಾ ಅನೇಕ ಕಶೇರುಗಳ ಉದ್ದಕ್ಕೆ, ಒಂದು ಬದಿಗೆ ಸರಿದು ಹಬ್ಬುವುದುಂಟು. ಎಪೆಂಡಿಮೋಮಾ ನಡುಭಾಗದಲ್ಲಿ ನೆಲೆಸಿ, ತನ್ನ ತುದಿಗಳಲ್ಲಿ ಹಳೆಯ ರಕ್ತಸ್ರಾವದ ಕಪ್ಪು ಅಂಚನ್ನು ತೋರಬಹುದು. ಗ್ಯಾಡೋಲಿನಿಯಮ್ ಕೊಟ್ಟು ತೆಗೆದ ಚಿತ್ರವು ಗಟ್ಟಿಯಾದ ಗಡ್ಡೆಯನ್ನು ಅದರ ಮೇಲುಕೆಳಗೆ ತುಂಬಿಕೊಂಡ ದ್ರವಕೋಶದಿಂದ ಬೇರ್ಪಡಿಸಲು ನೆರವಾಗುತ್ತದೆ. ಎಳೆಯ ಮಗುವಿನ ಎದೆಯಲ್ಲೋ ಹೊಟ್ಟೆಯಲ್ಲೋ ಹುಟ್ಟಿದ ನ್ಯೂರೋಬ್ಲಾಸ್ಟೋಮಾ ಕಶೇರುಗಳ ನಡುವಣ ರಂಧ್ರದ ಮೂಲಕ ಒಳನುಗ್ಗುವುದರಿಂದ, ಬೆನ್ನನ್ನಷ್ಟೇ ನೋಡಿ ಸುಮ್ಮನಿರಲಾಗದು. ಕಿರುಮೆದುಳಿನಲ್ಲಿ ಮೆಡುಲ್ಲೋಬ್ಲಾಸ್ಟೋಮಾದ ಶಂಕೆಯಿದ್ದಾಗಲಂತೂ ಸಾಧ್ಯವಾದಷ್ಟು ಮಟ್ಟಿಗೆ ಶಸ್ತ್ರಕ್ರಿಯೆಗೆ ಮುಂಚೆಯೇ ಇಡೀ ಬೆನ್ನಿನ ಚಿತ್ರವಾಗಬೇಕು. ಅನಂತರ ಇಳಿಯುವ ರಕ್ತವು ಹರಡಿದ ಗಡ್ಡೆಯನ್ನೇ ಹೋಲುವುದುಂಟು. ಇಷ್ಟಾದರೂ ಗಡ್ಡೆಯ ಜಾತಿಯನ್ನು ಕಡೆಗೆ ನಿರ್ಣಯಿಸುವುದು ಅಂಗಾಂಶಪರೀಕ್ಷೆಯೇ.

ಯಂತ್ರದೊಳಗೆ ಅರ್ಧಗಂಟೆಗೂ ಮೀರಿ ಅಲುಗದೆ ಮಲಗುವುದು ಚಿಕ್ಕ ಮಕ್ಕಳಿಗೆ ಅಸಾಧ್ಯವಾದುದರಿಂದ ಅರಿವಳಿಕೆ ಬೇಕಾಗುತ್ತದೆ. ಹಸುಗೂಸಿಗಾದರೆ ಹಾಲುಣಿಸಿ ಬಟ್ಟೆ ಸುತ್ತಿ ಮಲಗಿಸಿದರೂ ಸಾಕಾಗಬಹುದು. ಅರಿವಳಿಕೆಗೆ ಮುಂಚೆ ಊಟತಿಂಡಿ 6 ಗಂಟೆ, ಎದೆಹಾಲು 4 ಗಂಟೆ, ತಿಳಿನೀರು 2 ಗಂಟೆ ನಿಲ್ಲಬೇಕೆಂಬುದು ರೂಢಿಯ ನಿಯಮ. ಕಳಸದಿಂದ ನಸುಕಿನಲ್ಲಿ ಹೊರಟವರು ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು ಮಗುವಿಗೆ ನೀರುದೋಸೆ ತಿನ್ನಿಸಿದರೆ, ಮಂಗಳೂರು ಮುಟ್ಟುವಷ್ಟರಲ್ಲಿ ಆ ದಿನದ ಸರದಿ ತಪ್ಪಿತೆಂದೇ ಲೆಕ್ಕ. ತಾಯಿತಂದೆಯರ ಕೂಲಿಯೂ ಹೋಯಿತು, ಚಿತ್ರವೂ ಆಗಲಿಲ್ಲ. 2019ರ ಆಗಸ್ಟಿನಂತೆ ಚಾರ್ಮಾಡಿ ಘಾಟಿಯೇ ಕುಸಿದು ಮುಚ್ಚಿದ ಮಳೆಗಾಲದಲ್ಲಿ ಎರಡನೆಯ ಪಯಣವೆಂಬುದು ಇನ್ನೂ ದುಸ್ಸಾಧ್ಯ. ಕಳುಹಿಸುವ ಚೀಟಿಯಲ್ಲಿ ಉಪವಾಸದ ವೇಳೆಯನ್ನೂ, ಇಡೀ ಬೆನ್ನಿನ ಚಿತ್ರ ಬೇಕೆಂಬುದನ್ನೂ ಕನ್ನಡದಲ್ಲಿ ಬರೆದುಕೊಟ್ಟರೆ ಈ ಸಂಕಟದ ಬಹುಪಾಲು ನೀಗುತ್ತದೆ.

2013ರಿಂದ ನಡೆದುಬಂದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಶಾಲೆಗಳಿಗೂ ಅಂಗನವಾಡಿಗಳಿಗೂ ಹೋಗುತ್ತಾರಷ್ಟೆ. ಅವರಲ್ಲಿಯೂ ತೋಟದ ಊರುಗಳ ವೈದ್ಯಮಿತ್ರರಲ್ಲಿಯೂ ನನ್ನ ಪ್ರಾರ್ಥನೆ ಇದು: ಅಂಗಿ ತೆಗೆಸಿ ಮಗುವಿನ ಬೆನ್ನನ್ನು ನೋಡಿರಿ, ನಾಲ್ಕು ಹೆಜ್ಜೆ ನಡೆಸಿರಿ, ರಾತ್ರಿ ಎಬ್ಬಿಸುವ ಬೆನ್ನುನೋವು, ಹೊಸದಾಗಿ ಎಡವುವ ಕಾಲು, ನೋವಿನೊಡನೆ ವಕ್ರವಾಗುತ್ತಿರುವ ಬೆನ್ನು, ಹಿಡಿತ ಬಂದಮೇಲೆ ಮತ್ತೆ ತಪ್ಪಿದ ಮೂತ್ರ ಇವುಗಳಲ್ಲಿ ಒಂದಿದ್ದರೂ, ಕ್ಷಕಿರಣದ ವರದಿ ಏನೇ ಹೇಳಲಿ, ಎಂ.ಆರ್.ಐ.ಗೆ ತಡಮಾಡದೆ ಬರೆದುಕೊಡಿರಿ.